ಮೂಗುತಿ ಮುಟ್ಟಿದರೆ ವಾಹ್

ವನಜಾಕ್ಷಿ ತಂಬೂರಿಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಅದರ ಬುರುಡೆ ಒರೆಸುತ್ತಿದ್ದಳು. ಮೂರು ತಂತಿ ಬಿಗಿದಾಗಿತ್ತು, ನಾಲ್ಕನೆಯದು ಬಾಕಿ. ಅಷ್ಟರಲ್ಲಿ ಅವಳ ಗಂಡ ಕೊಟ್ರಬಸಪ್ಪ ಟಿಫನ್ ಡಬ್ಬಿಯಷ್ಟಿದ್ದ ಒಂದು ಕರಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಸದಾಗಿ ಹುಟ್ಟಿದ ಕೂಸನ್ನು ತರುವವನ ಹಾಗೆ ಪಡಸಾಲೆಗೆ ಬಂದ. ಪ್ಲಗ್ ಚುಚ್ಚಿದ. ಗುಂಡಿ ಒತ್ತಿದ. ಪೆಟ್ಟಿಗೆ ಜೊಂಯ್ ಎಂದು ಹಿಡಿದ ರಾಗ ಬಿಡಲಿಲ್ಲ.

ಮಂಚದ ಮೇಲೆ ಒರಗಿದ್ದ ಅವನ ತಾಯಿ ಸಾವಂತ್ರಮ್ಮ ಎದ್ದು ಕೂತರು. "ಏನಲೋ ಅದು ಕೊಟ್ರಾ, ಮಿಕ್ಸಿ ಕೆಟ್ಟೈತಾ?"

"ಕರೆಂಟ್ ತಂಬೂರಿ ಅವ್ವ. ಶಿವಮೊಗ್ಗದಿಂದ ತರಿಸೀನಿ. ಶ್ರುತಿ ಇಳಿಯಂಗಿಲ್ಲ, ಬೆರಳು ನೋಯಂಗಿಲ್ಲ, ಮಧ್ಯದಾಗೆ ಎದ್ದು ಹೋಗಂಗಿಲ್ಲ."

ಕೊನೆಯ ಮಾತನ್ನು ಅವನು ಹೆಂಡತಿಯ ಕಡೆ ನೋಡಿಕೊಂಡು ಹೇಳಿದ. ಇಪ್ಪತ್ತಾರು ವರ್ಷದಿಂದ ಹೊನ್ನಾಳಿಯ ಸಂಗೀತ ಸಭೆಯಲ್ಲಿ ಹಾಡುವವರ ಹಿಂದೆ ಕೂತು ತಂಬೂರಿ ಮೀಟುತ್ತಿದ್ದ ವನಜಾಕ್ಷಿ ಮಧ್ಯದಲ್ಲಿ ಎದ್ದು ಹೋದದ್ದು ಒಂದೇ ಸಲ. ಅವತ್ತು ಮಗಳು ರಕ್ಷಾ ಹುಟ್ಟಿದ್ದಳು.

"ಹಂಗಾದ್ರೆ ನಾನು?" ಎಂದಳು ವನಜಾಕ್ಷಿ.

"ನೀನು ಆರಾಮಾಗಿ ಅಡುಗೆ ಕಡೆ ನೋಡ್ಕ. ಹೋದ ವರ್ಷ ಸಾರಿಗೆ ಉಪ್ಪಿರ್ಲಿಲ್ಲ ಅಂತ ಜನ ಎದ್ದು ಹೋದ್ರು."

"ಎದ್ದು ಹೋಗಿದ್ದು ಉಂಡ ಮೇಲೆ ಕಣ್ರೀ. ಸಾರಿಗಲ್ಲ, ಸಂಗೀತಕ್ಕೆ."

"ಅದೇ ನಾನು ಹೇಳಿದ್ದು," ಎಂದ ಕೊಟ್ರಬಸಪ್ಪ. ತಾನು ಹೇಳದೇ ಇದ್ದದ್ದನ್ನೂ ತಾನೇ ಹೇಳಿದ್ದು ಅನ್ನುವುದು ಅವನ ಹುಟ್ಟುಗುಣ.

ವನಜಾಕ್ಷಿ ನಾಲ್ಕನೆಯ ತಂತಿ ಬಿಗಿದಳು. "ನಾನು ಅಡುಗೆ ಕಡೆ ಹೋಗಲ್ಲ," ಎಂದು ಗಂಡನಿಗಲ್ಲ, ತಂತಿಗೆ ಹೇಳುವ ಹಾಗೆ ಹೇಳಿದಳು. ಗಂಡನಿಗೆ ಕೇಳಲಿಲ್ಲ. ಪೆಟ್ಟಿಗೆಯ ಸದ್ದು ಜೋರಿತ್ತು.

ಸಭೆಯನ್ನು ಕಟ್ಟಿದವರು ವನಜಾಕ್ಷಿಯ ಮಾವ. ತುಂಗಭದ್ರೆಯ ದಂಡೆಯ ತಮ್ಮ ಅಕ್ಕಿ ಗಿರಣಿಯ ಅಂಗಳದಲ್ಲಿ ಕಾರ್ತಿಕ ಮುಗಿದ ವಾರ ಸಂಗೀತ ಮಾಡಿಸುತ್ತಿದ್ದರು. ಅವರು ಹೋದ ಮೇಲೆ ಗಿರಣಿ ನಿಂತಿತು, ಸಂಗೀತ ನಿಲ್ಲಲಿಲ್ಲ. ಕಾರ್ಯದರ್ಶಿ ಪಟ್ಟ ಮಗ ಕೊಟ್ರಬಸಪ್ಪನಿಗೆ ಬಂತು. ಅವನಿಗಿದ್ದದ್ದು ಪಂಪ್‌ಸೆಟ್ ಅಂಗಡಿ. ಯಾವ ಗಾಯಕರ ಬಗ್ಗೆ ಕೇಳಿದರೂ "ಪ್ರೆಶರ್ ಚೆನ್ನಾಗೈತೆ" ಅನ್ನುತ್ತಿದ್ದ.

ಸಭೆಯ ಜನರನ್ನು ಎದುರಿನಿಂದ ನೋಡುವ ಜಾಗ ಎರಡೇ: ಹಾಡುವವರದು ಮತ್ತು ವನಜಾಕ್ಷಿಯದು. ಹಾಡುವವರು ವರ್ಷಕ್ಕೊಬ್ಬರು, ಅದರಲ್ಲೂ ಕಣ್ಣು ಮುಚ್ಚಿಕೊಂಡಿರುವವರು. ಆದ್ದರಿಂದ ಜನ ಹೇಗಿದ್ದವರು ಹೇಗಾದರು ಅನ್ನುವುದಕ್ಕೆ ಸಾಕ್ಷಿ ಅವಳೊಬ್ಬಳೇ. ಅವಳು ಮದುವೆಯಾಗಿ ಬಂದ ವರ್ಷ ನ್ಯಾಮತಿಯವರು ಸಂಜೆಯ ಕೊನೆ ಬಸ್ಸಿಗೆ ಬಂದು ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಜಗಳೂರಿನವರು ಕಂಬಳಿ ತರುತ್ತಿದ್ದರು, ಚನ್ನಗಿರಿಯವರು ಎಲೆಯಡಿಕೆ ಚೀಲ. ಜಮಖಾನದ ಮೇಲೆ ಒಬ್ಬರ ಮಂಡಿ ಒಬ್ಬರಿಗೆ ತಾಕುವಂತೆ ಗಂಡಸರು, ಭತ್ತದ ಚೀಲಗಳ ಮರೆಯಲ್ಲಿ ಹೆಂಗಸರು. ನಿದ್ದೆ ಹೋದವನ ಕಾಲಿನ ಹೆಬ್ಬೆರಳೂ ತಾಳ ಹಾಕುತ್ತಿತ್ತು.

ಆಮೇಲೆ ಪ್ಲಾಸ್ಟಿಕ್ ಕುರ್ಚಿ ಬಂತು. ಜನ ತಮ್ಮ ಕೈಗಳನ್ನು ಕುರ್ಚಿಯ ಕೈಗಳ ಮೇಲಿಟ್ಟು ಅಲ್ಲೇ ಮರೆತರು, ತಾಳ ನಿಂತಿತು. ಆಮೇಲೆ ಮೊಬೈಲ್ ಬಂತು. ವನಜಾಕ್ಷಿಗೆ ಮುಖಗಳ ಬದಲು ಮೊಬೈಲಿನ ಬೆನ್ನುಗಳು ಕಾಣತೊಡಗಿದವು. ಅಹೋರಾತ್ರಿ ಇದ್ದದ್ದು ಸಂಜೆ ಆರರಿಂದ ಒಂಬತ್ತಕ್ಕೆ ಇಳಿಯಿತು. ಒಗ್ಗರಣೆ ವಾಸನೆ ಹೊಡೆದಾಗ ತುಂಬಿದ ಸಭೆ ಕೈ ತೊಳೆಯುವಷ್ಟರಲ್ಲಿ ಖಾಲಿ. ಒಂದು ಒಳ್ಳೆಯದೂ ಆಗಿತ್ತು: ಚೀಲದ ಮರೆಯಲ್ಲಿದ್ದ ಹೆಂಗಸರು ವರ್ಷಕ್ಕೊಂದು ಸಾಲಿನಂತೆ ಮುಂದೆ ಬಂದು ಈಗ ಎರಡನೇ ಸಾಲಿನಲ್ಲಿದ್ದರು. ಅದನ್ನು ವನಜಾಕ್ಷಿ ಬಿಟ್ಟರೆ ಯಾರೂ ಗಮನಿಸಿರಲಿಲ್ಲ.

ಈ ಜಾಗ ಬಿಟ್ಟು ಸಾರಿನ ಉಪ್ಪು ನೋಡು ಅಂದರೆ ಅವಳು ಹೇಗೆ ಒಪ್ಪಿಯಾಳು?

ಹಾಗಂತ ಜಗಳ ತೆಗೆಯಲಿಲ್ಲ. ಮರುದಿನ ಕೊಟ್ರಬಸಪ್ಪನೇ ಅವಳ ಕೆಲಸ ಸುಲಭ ಮಾಡಿದ.

ಆ ವರ್ಷ ಹಾಡಬೇಕಾದವರು ಪಂಡಿತ ತಿಪ್ಪೇರುದ್ರಸ್ವಾಮಿ. ಹುಟ್ಟಿದ್ದು ಜಗಳೂರಿನ ಹತ್ತಿರ, ಬೆಳೆದದ್ದು ಪುಣೆಯಲ್ಲಿ, ಹೆಸರು ಎಲ್ಲ ಕಡೆ. ಅವರು ಫೋನ್ ಮಾಡಿದರು. ಕೊಟ್ರಬಸಪ್ಪ ಮನೆಯವರಿಗೆಲ್ಲ ಕೇಳಲೆಂದು ಸ್ಪೀಕರ್ ಹಾಕಿದ.

"ಕೊಟ್ರಬಸಪ್ಪನೋರೆ, ಬೇಜಾರು ಮಾಡ್ಕಬ್ಯಾಡ್ರಿ. ನಿಮ್ಮ ಸಭಾದಾಗೆ ಈಗ ಜನ ಇಲ್ಲ ಅಂತ ಕೇಳಿದೆ. ನನಗೆ ವಯಸ್ಸಾತು. ಖಾಲಿ ಕುರ್ಚಿಗೆ ಹಾಡಾಕೆ ಉಸಿರಿಲ್ಲ."

ಕೊಟ್ರಬಸಪ್ಪನಿಗೆ ಅಪ್ಪನ ಫೋಟೋ ಎದುರಿಗೇ ಇತ್ತು. "ಯಾರು ಸ್ವಾಮಿ ಹಂಗಂದೋರು? ನಮ್ಮಲ್ಲಿ ಕುರ್ಚಿನೂ ತಲೆದೂಗ್ತಾವೆ! ನ್ಯಾಮತಿ ಡೈರಿಗೆ ಹಾಲು ಹಾಕೋರು ಅದಾರಲ್ಲ, ಸ್ವರ ಒಂದು ಕೂದಲೆಳೆ ಜಾರಿದ್ರೆ ಎದ್ದು ನಿಂತ್ಕತಾರೆ. ಚನ್ನಗಿರಿ ಹೆಂಗಸ್ರು ರೊಟ್ಟಿ ಬಡಿಯೋದೇ ಝಪ್‌ತಾಳದಾಗೆ!"

ಪಂಡಿತರ ಧ್ವನಿ ಬದಲಾಯಿತು. "ಹಂಗೈತಾ? ಹಂಗಾದ್ರೆ ಮಾಮೂಲಿದು ಹಾಡಂಗಿಲ್ಲ ನಾನು. ನಮ್ಮ ಗುರುಗಳು ಕೊಟ್ಟ ಒಂದು ರಾಗ ಐತೆ. ಬಲ್ಲೋರು ಸಿಕ್ರೆ ಹಾಡಾನ ಅಂತ ಎಷ್ಟೋ ವರ್ಷದಿಂದ ಇಟ್ಕಂಡೀನಿ. ನಿಮ್ಮ ಜನದ ಮುಂದೆ ಹಾಡ್ತೀನಿ."

ಫೋನ್ ಇಟ್ಟಾಗ ಕೊಟ್ರಬಸಪ್ಪನ ಮುಖ ಸುಟ್ಟ ಮೋಟರಿನಂತಿತ್ತು. ಸಾವಂತ್ರಮ್ಮ ಮಂಚದಿಂದ ಕೇಳಿದರು, "ರೊಟ್ಟಿ ಬಡಿಯೋ ಹೆಂಗಸ್ರನ್ನ ಎಲ್ಲಿಂದ ತರ್ತೀಯೋ ಮಗನೇ?"

ತಂದ. ಅದೇ ಅವನ ದೊಡ್ಡತನ. ಕೊಟ್ರಬಸಪ್ಪ ಸುಳ್ಳು ಹೇಳುವವನಲ್ಲ. ಹೇಳಿದ ಮೇಲೆ ಅದನ್ನು ನಿಜ ಮಾಡಲು ಪ್ರಾಣ ಬಿಡುವವನು. ನ್ಯಾಮತಿಯ ಡೈರಿಯ ಜಯಪ್ಪನನ್ನು ಹಿಡಿದ. ಚನ್ನಗಿರಿಯ ಮಹಿಳಾ ಸಂಘದ ದುರ್ಗಾಂಬಿಕಾಗೆ, ಬಂದು ಹೋಗಲು ಗಾಡಿ, ಹೋಳಿಗೆ ಊಟ ಎಂದು ಹೇಳಿ ಒಪ್ಪಿಸಿದ. ಪಂಡಿತರ ಊರಿನವರೆಂದು ಜಗಳೂರಿನಿಂದ ಒಂದು ಲಾರಿ ಜನ ಬರುವುದಾಯಿತು. ಉತ್ಸವಕ್ಕೆ ಮೊದಲಿನ ಭಾನುವಾರ ಒಂದೊಂದು ಊರಿನ ಮುಂದಾಳುಗಳನ್ನು ಗಿರಣಿಯ ಅಂಗಳಕ್ಕೆ ಕರೆಸಿ ಸಂಗೀತ ಕೇಳುವುದನ್ನು ಕಲಿಸತೊಡಗಿದ.

"ತಲೆದೂಗೋದು ಹಿಂಗೆ," ಎಂದು ತೋರಿಸಿದ. "ಬ್ಯಾಡ ಅಂದಂಗೆ ಅಡ್ಡಡ್ಡ ಅಲ್ಲ. ಹ್ಞೂಂ ಅಂದಂಗೆ ಉದ್ದುದ್ದನೂ ಅಲ್ಲ. ಎರಡರ ನಡುವೆ. ಸಂತೆಯಾಗೆ ರೇಟು ಕೇಳಿ ಕೊಡಂಗೂ ಇಲ್ಲ ಬಿಡಂಗೂ ಇಲ್ಲ ಅಂತೀರಲ್ಲ, ಹಂಗೆ."

ಎಲ್ಲರೂ ತೂಗಿದರು. ದುರ್ಗಾಂಬಿಕಾಗೆ ಮೊದಲೇ ಕತ್ತು ನೋವಿತ್ತು. "ಅಣ್ಣಾ, ಎಡಕ್ಕೆ ತಿರುಗಂಗಿಲ್ಲ. ಬಲಗಡೆ ಅಷ್ಟೇ ತೂಗ್ಲಾ?"

"ತೂಗಮ್ಮ. ಅರ್ಧ ಗೊತ್ತಿರೋರು ಅನ್ಕಂತಾರೆ. ಆಮೇಲೆ, ವಾಹ್ ಅನ್ಬೇಕು. ಹೊಟ್ಟೆಯಿಂದ ಬರ್ಬೇಕು."

ಜಯಪ್ಪ ಕೈ ಎತ್ತಿದ. "ಅದೆಲ್ಲ ಸರಿ ಕೊಟ್ರಬಸಣ್ಣ. ಯಾವಾಗ ಅನ್ಬೇಕು ಅಂತ ಹೆಂಗೆ ಗೊತ್ತಾಗ್ತೈತೆ?"

ಅದು ಕೊಟ್ರಬಸಪ್ಪನಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅವನು ಮುಂದಿನ ಸಾಲಿನಲ್ಲಿ, ಸಂಗೀತ ಬಲ್ಲ ಚಿತ್ತಪ್ಪ ಮೇಷ್ಟ್ರ ಬಲಕ್ಕೆ ಕೂರುತ್ತಿದ್ದ. ಮೇಷ್ಟ್ರು ತೂಗಿದರೆ ತೂಗುತ್ತಿದ್ದ. ಮೇಷ್ಟ್ರು ಒಮ್ಮೆ ಸೊಳ್ಳೆ ಓಡಿಸಲು ತೊಡೆ ಬಡಿದುಕೊಂಡಾಗಲೂ ಭಕ್ತಿಯಿಂದ ತೊಡೆ ಬಡಿದುಕೊಂಡಿದ್ದ. ಮೇಷ್ಟ್ರು ತೀರಿಕೊಂಡ ಮೇಲೆ ಸಂಗೀತದಲ್ಲಿ ಅವನಿಗೆ ಕಣ್ಣು ಕಟ್ಟಿದಂತಾಗಿತ್ತು.

"ನಾನು ತೋರಿಸ್ತೀನಿ," ಎಂದಳು ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ವನಜಾಕ್ಷಿ.

ಎಲ್ಲರೂ ತಿರುಗಿದರು.

"ನಾನು ಪಂಡಿತರ ಹಿಂದೆ ಕುಂತಿರ್ತೀನಿ. ಅವ್ರಿಗೆ ಕಾಣಲ್ಲ, ನಿಮ್ಗೆಲ್ಲ ಕಾಣ್ತೀನಿ. ಸೆರಗು ಸರಿ ಮಾಡಿದ್ರೆ ತಲೆದೂಗ್ರಿ. ಮೂಗುತಿ ಮುಟ್ಟಿದ್ರೆ ವಾಹ್ ಅನ್ರಿ. ಕಿವಿ ಮುಟ್ಟಿದ್ರೆ ಚಪ್ಪಾಳೆ."

"ಭಲೇ!" ಎಂದ ಜಯಪ್ಪ. "ಇದು ಟ್ರಾಫಿಕ್ ಪೊಲೀಸ್ ಇದ್ದಂಗೆ. ಇದಾದ್ರೆ ಅರ್ಥ ಆಗ್ತೈತೆ."

"ಆದ್ರೆ," ಎಂದಳು ವನಜಾಕ್ಷಿ ಗಂಡನನ್ನು ನೋಡುತ್ತ, "ಸುಮ್ನೆ ಅಲ್ಲಿ ಕುಂತ್ರೆ ಪಂಡಿತರು ಯಾರಿವ್ಳು ಅಂತಾರೆ. ತಂಬೂರಿ ಹಿಡಿದೇ ಕೂರ್ಬೇಕು. ನಿಮ್ಮ ಡಬ್ಬಿಗೆ ಕೈನೂ ಇಲ್ಲ, ಮೂಗುತಿನೂ ಇಲ್ಲ."

"ಅದೇ ನಾನು ಹೇಳಿದ್ದು," ಎಂದ ಕೊಟ್ರಬಸಪ್ಪ.

ಉತ್ಸವದ ಸಂಜೆ ಅಂಗಳ ತುಂಬಿತ್ತು. ಕುರ್ಚಿ ಸಾಲದೆ ಜಮಖಾನ ಹಾಸಿದರು. ಜಗಳೂರಿನ ಲಾರಿಯಿಂದ ಇಳಿದವರಲ್ಲಿ ಗಾದ್ರಮ್ಮ ಅನ್ನುವ ವಯಸ್ಸಾದ ಕೂಲಿ ಹೆಂಗಸೂ ಇದ್ದಳು. ಅವಳು ಬಂದದ್ದು ಹೊಳೆ ನೋಡಲು. ನೋಡಿ ಬಂದು, ಹಸಿ ಕಾಲಿನಲ್ಲೇ ಜಮಖಾನದ ಅಂಚಿಗೆ ಕೂತಳು. ತರಬೇತಿ ಅವಳಿಗೆ ತಲುಪಿರಲಿಲ್ಲ. ಮುಂದಿನ ಸಾಲಿನಲ್ಲಿ ದಾವಣಗೆರೆಯಿಂದ ಬಂದ ಒಬ್ಬ ಅಧಿಕಾರಿ. ಅವರಿಗೂ ತರಬೇತಿ ಇರಲಿಲ್ಲ. ಪಕ್ಕದವರನ್ನು ನೋಡಿ ಮಾಡುವುದರಲ್ಲಿ ಅವರದು ಬಹಳ ವರ್ಷದ ಸರ್ವಿಸ್.

ಪಂಡಿತರು ವೇದಿಕೆ ಏರಿ ಜನರನ್ನು ನೋಡಿ ಎರಡೂ ಕೈ ಮುಗಿದರು. ವನಜಾಕ್ಷಿ ತಂಬೂರಿ ಎತ್ತಿ ಹಿಡಿದಳು. ಅಂಗಳದ ಅಷ್ಟೂ ಕಣ್ಣು ಅವಳ ಮೂಗಿನ ಮೇಲಿತ್ತು. ತಾಳಿ ಕಟ್ಟಿಸಿಕೊಂಡ ದಿನವೂ ಅವಳನ್ನು ಯಾರೂ ಹಾಗೆ ನೋಡಿರಲಿಲ್ಲ.

ಒಂದು ಸಂಗತಿಯನ್ನು ಯಾರೂ ಯೋಚಿಸಿರಲಿಲ್ಲ. ಹೊಳೆ ದಂಡೆಯ ಗದ್ದೆಗಳಲ್ಲಿ ಭತ್ತ ಕಟಾವಿಗೆ ಬಂದಿತ್ತು. ವೇದಿಕೆಗೆ ಕೊಟ್ರಬಸಪ್ಪ ಈ ಸಲ ದೊಡ್ಡ ಎಲ್ಇಡಿ ದೀಪ ಹಾಕಿಸಿದ್ದ. ಗದ್ದೆಯ ಸಣ್ಣ ಹಸಿರು ಹುಳಗಳಿಗೆ ಆಹ್ವಾನ ಪತ್ರಿಕೆ ಬೇಕಿರಲಿಲ್ಲ.

ಪಂಡಿತರು ಗಂಟಲು ಸರಿಮಾಡಿಕೊಳ್ಳಲು ಒಮ್ಮೆ ಕೆಮ್ಮಿದರು. ಅದೇ ಗಳಿಗೆಯಲ್ಲಿ ಒಂದು ಹುಳ ವನಜಾಕ್ಷಿಯ ಮೂಗಿನ ಮೇಲೆ ಕೂತಿತು. ಅವಳು ಒರೆಸಿಕೊಂಡಳು.

"ವಾಹ್!" ಎಂದಿತು ಅಂಗಳ. ನ್ಯಾಮತಿಯ ಹಾಲಿನವರು ಹೊಟ್ಟೆಯಿಂದಲೇ ಅಂದರು.

ಪಂಡಿತರು ಬೆಚ್ಚಿದರು. ತಬಲಾದವರ ಕಡೆ ಬಾಗಿ, "ಕೆಮ್ಮಿದ್ದು ಷಡ್ಜಕ್ಕೆ ಕುಂತಿತ್ತೇನು?" ಎಂದು ಪಿಸುಗುಟ್ಟಿದರು. ತಬಲಾದವರು ಇರಬಹುದೆಂದರು. ಮೈಕು ಇದನ್ನೂ ಊರಿಗೆಲ್ಲ ಹೇಳಿತು.

ಆಲಾಪ ಶುರುವಾಯಿತು. ವನಜಾಕ್ಷಿಯ ಹೊಸ ರೇಷ್ಮೆ ಸೀರೆಯ ಸೆರಗು ಹೆಗಲಿನಲ್ಲಿ ನಿಲ್ಲದೆ ಜಾರಿತು. ಎತ್ತಿದಳು. ಅಂಗಳ ತಲೆದೂಗಿತು. ಮತ್ತೆ ಜಾರಿತು, ಮತ್ತೆ ಎತ್ತಿದಳು, ಮತ್ತೆ ತೂಗಿತು. ಗಾಳಿಗೆ ಸಿಕ್ಕ ಜೋಳದ ಹೊಲದಂತೆ ತಲೆಗಳು ಓಲಾಡುತ್ತಲೇ ಇದ್ದವು. ದುರ್ಗಾಂಬಿಕಾ ಒಬ್ಬಳು ಬಲಗಡೆಗೆ ಮಾತ್ರ. ಅಧಿಕಾರಿಗಳು ಅವಳ ಪಕ್ಕ ಕೂತಿದ್ದರಿಂದ ಅವರೂ ಬಲಗಡೆಗೆ ಮಾತ್ರ. ಇನ್ನೊಂದು ಹುಳ ಕಿವಿಯೊಳಗೆ ಹೊಕ್ಕಿತು. ವನಜಾಕ್ಷಿ ಕಿವಿಗೆ ಬೆರಳು ಹಾಕಿದ್ದೇ ತಡ, ಚಪ್ಪಾಳೆ ಸಿಡಿಯಿತು. ಪಂಡಿತರು ಆಗಿನ್ನೂ ಎರಡನೆಯ ಸ್ವರಕ್ಕೆ ಬಂದಿದ್ದರು. ಅವಳು ಬೆರಳು ತೆಗೆಯಲಿಲ್ಲ, ಹುಳ ಬರಲಿಲ್ಲ, ಚಪ್ಪಾಳೆ ನಿಲ್ಲಲಿಲ್ಲ. ಅಧಿಕಾರಿಗಳು ಎದ್ದು ನಿಂತರು. ಅವರು ಎದ್ದದ್ದು ನೋಡಿ ಎಲ್ಲರೂ ಎದ್ದರು.

ಸ್ವರ ಜಾರಿದರೆ ಹೊನ್ನಾಳಿ ಸಭೆಯಲ್ಲಿ ಎದ್ದು ನಿಲ್ಲುತ್ತಾರೆ ಎಂದು ಪಂಡಿತರಿಗೆ ಫೋನಿನಲ್ಲಿ ಹೇಳಿದವನು ಯಾರು ಎಂಬುದನ್ನು ಓದುಗರು ಮರೆತಿರಲಾರರು.

ಪಂಡಿತರು ಹಾಡು ತಡೆದು, "ತಪ್ಪಾತೇನ್ರಪ್ಪಾ?" ಎಂದು ಕೇಳಿದರು.

"ಇಲ್ಲ ಬುದ್ಧಿ, ಕೂರ್ರಿ!" ಎಂದು ಕೂತೇ ಇದ್ದ ಪಂಡಿತರಿಗೆ ಹೇಳಿ ಕೊಟ್ರಬಸಪ್ಪ ಅಂಗಳವನ್ನು ಎರಡೂ ಕೈಯಿಂದ ಒತ್ತಿ ಕೂರಿಸಿದ. ಹೆಂಡತಿಯ ಕಡೆ ಕಣ್ಣು ಬಿಟ್ಟ.

ವನಜಾಕ್ಷಿಗೆ ಗಂಡನ ಕಣ್ಣು ಕಾಣಲಿಲ್ಲ. ಅವಳಿಗೆ ಕಂಡದ್ದು ಎದುರಿಗಿದ್ದ ಪಂಡಿತರ ಬೆನ್ನು. ಬಿಳಿ ಜುಬ್ಬಾ ಬೆನ್ನಿಗೆ ಅಂಟಿತ್ತು. ಎಷ್ಟೋ ವರ್ಷ ಕಾದಿಟ್ಟ ರಾಗವನ್ನು ಅವರು ಕಳ್ಳಸಾಮಾನಿನ ಹಾಗೆ ಮುಚ್ಚಿಟ್ಟುಕೊಂಡು ಹಾಡುತ್ತಿದ್ದರು. ಇದು ನನ್ನ ಕೈಯಿಂದ ಆದದ್ದು ಎಂದು ಅವಳಿಗೆ ಹೊಳೆಯಿತು. ಜಾಗ ಉಳಿಸಿಕೊಳ್ಳಲು ಹೋಗಿ, ಆ ಜಾಗದಲ್ಲಿ ಕೂತವಳು ಮಾಡಬಾರದ್ದನ್ನೇ ಮಾಡುತ್ತಿದ್ದಳು.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಎಲ್ಲರೂ ತಲೆದೂಗಿದರು. ಒಂದು ಕೈಯಲ್ಲಿ ತಂಬೂರಿಯ ದಂಡಿ ಹಿಡಿದಳು, ಇನ್ನೊಂದು ಕೈ ತಂತಿಯ ಮೇಲಿಟ್ಟಳು. ಇನ್ನು ಎತ್ತುವುದಿಲ್ಲ.

ಮತ್ತೊಂದು ಹುಳ ಮೂಗಿನ ಮೇಲೆ ಬಂದು ಕೂತಿತು. ಎತ್ತಲಿಲ್ಲ. ಮೂಗಿನಿಂದ ತುಟಿಗೆ ಇಳಿಯಿತು. ಕಣ್ಣಲ್ಲಿ ನೀರು ಬಂತು, ಕೈ ಎತ್ತಲಿಲ್ಲ. ಕೊಟ್ರಬಸಪ್ಪ ಮುಂದಿನ ಸಾಲಿನಿಂದ ತನ್ನ ಮೂಗು ತಾನೇ ಮುಟ್ಟಿ ತೋರಿಸಿದ. ಕಿವಿ ಮುಟ್ಟಿ ತೋರಿಸಿದ. ಇಲ್ಲದ ಸೆರಗನ್ನು ಎಳೆದು ತೋರಿಸಿದ. ಇವಳು ಕಲ್ಲು. ಸನ್ನೆ ಇಲ್ಲದೆ ಏನು ಮಾಡಬೇಕೆಂದು ತಿಳಿಯದ ಅಂಗಳ ಉಸಿರು ಹಿಡಿದು ಕೂತಿತು. ಮೊಬೈಲ್ ತೆಗೆಯಲೂ ಹೆದರಿಕೆ. ಆ ಹೊತ್ತಿಗೇ ಸನ್ನೆ ಬಂದುಬಿಟ್ಟರೆ?

ಆ ಮೌನ ಪಂಡಿತರಿಗೆ ಹಿಡಿಸಿತು. ಬೆನ್ನು ನಿಧಾನ ಸಡಿಲಾದದ್ದು ವನಜಾಕ್ಷಿಗೆ ಕಂಡಿತು. ಹೆಗಲು ಇಳಿಯಿತು. ಧ್ವನಿ ಮುಚ್ಚಿಟ್ಟಲ್ಲಿಂದ ಹೊರಗೆ ಬಂತು, ಒಂದು ಸ್ವರದ ಮೇಲೆ ಹೋಗಿ ನಿಂತಿತು. ಅಲ್ಲಿಂದ ಇಳಿಯುವ ಮನಸ್ಸಿಲ್ಲದವರ ಹಾಗೆ ನಿಂತೇ ಇತ್ತು. ಆಮೇಲೆ ಇಳಿಯಿತು.

"ಅಯ್ಯೋ ನನ್ನಪ್ಪಾ!"

ಜಮಖಾನದ ಅಂಚಿನಿಂದ. ಗಾದ್ರಮ್ಮ.

ಕೊಟ್ರಬಸಪ್ಪ ಸರ್ರನೆ ತಿರುಗಿದ. "ಏ ಯವ್ವಾ, ಯಾರು ಹೇಳಿದ್ದು ನಿಂಗೆ ಈಗ ಅನ್ನಾಕೆ?"

"ಯಾರೂ ಹೇಳ್ಲಿಲ್ಲ ಕಣಪ್ಪ," ಎಂದಳು ಗಾದ್ರಮ್ಮ, ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ. "ನಂಗೇನೂ ತಿಳಿಯಲ್ಲ. ಸುಮ್ನೆ ಬಂತು."

ಪಂಡಿತರು ಹಾಡು ನಿಲ್ಲಿಸದೆ ನಕ್ಕರು. ಅವಳ ಕಡೆ ತಿರುಗಿ ಕೂತು ಅದೇ ಸ್ವರಕ್ಕೆ ಇನ್ನೊಮ್ಮೆ ಹೋಗಿ ಬಂದರು. ಈ ಸಲ ಗಾದ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ತಡೆದಳು, ಆದರೆ ಜಯಪ್ಪನ ಬಾಯಿಂದ "ಓಹೋ" ಬಂದುಬಿಟ್ಟಿತು. ಆಮೇಲೆ ಒಂದೊಂದು ಕಡೆಯಿಂದ ಒಂದೊಂದು. ತಪ್ಪು ಜಾಗದಲ್ಲಿ, ಹಿಂದೆ ಮುಂದೆ, ಒಬ್ಬ ಶಿಳ್ಳೆ ಕೂಡ ಹೊಡೆದ. ದುರ್ಗಾಂಬಿಕಾಳ ಕತ್ತು ಎಡಕ್ಕೂ ತಿರುಗಿತು ಎಂದು ಚನ್ನಗಿರಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಊಟದ ಒಗ್ಗರಣೆ ಬಿದ್ದಾಗ ಕೆಲವರು ಎದ್ದರು. ಎಲ್ಲರೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಅಧಿಕಾರಿಗಳ ಫೋನ್ ಬಂತು. ಕೊಟ್ರಬಸಪ್ಪ ಮತ್ತೆ ಸ್ಪೀಕರ್ ಹಾಕಿದ.

"ಅದ್ಭುತ ಕಣ್ರೀ ನಿಮ್ಮ ಶ್ರೋತೃಗಳು! ಇಂಥ ಶಿಸ್ತು ನಾನು ಎಲ್ಲೂ ನೋಡಿಲ್ಲ. ಮುಂದಿನ ತಿಂಗಳು ಜಗಳೂರಿನಲ್ಲಿ ನಮ್ಮದೊಂದು ಉತ್ಸವ ಇದೆ. ಕಲಾವಿದರನ್ನು ನಾವು ತರಿಸ್ತೀವಿ. ಶ್ರೋತೃಗಳನ್ನು ನೀವು ಕಳಿಸಿಕೊಡಿ."

"ಕಳಿಸೋದೇನು ಸಾರ್, ನಾನೇ ಕರ್ಕಂಡು ಬರ್ತೀನಿ!"

"ಲೇ ಕೊಟ್ರಾ," ಎಂದರು ಸಾವಂತ್ರಮ್ಮ, "ಮದುವಿಗೆ ವಾಲಗದೋರನ್ನ ಕಳಿಸ್ತಾರೆ. ಬೀಗರನ್ನೂ ಬಾಡಿಗೆಗೆ ಕಳಿಸೋದು ನಿನ್ ಕಾಲಕ್ಕೇ ಬಂತು ನೋಡು."

ಕೊಟ್ರಬಸಪ್ಪ ಕೇಳಿಸಿಕೊಳ್ಳಲಿಲ್ಲ. ನಿಂತಲ್ಲಿ ನಿಲ್ಲಲಾಗದೆ ಪಡಸಾಲೆಯಲ್ಲಿ ಓಡಾಡಿದ. "ವನಜಾ, ಏನು ತಲೆ ಕಣೇ ನಿಂದು! ಮೊದ್ಲು ವಾಹ್ ವಾಹ್ ಅನ್ಸಿ, ಆಮೇಲೆ ಒಂದೇ ಸಲ ಗಪ್ ಅನ್ನಿಸ್ದ್ಯಲ್ಲ, ಆ ಪ್ಲಾನು! ನಂಗೂ ಹೇಳ್ಲಿಲ್ಲ ನೋಡು. ಆ ಮುದುಕಿನೂ ನೀನೇ ರೆಡಿ ಮಾಡಿದ್ದಾ?"

"ಅವ್ರಿಗೆ ಚಹಾ ಕೊಟ್ಟಿದ್ದೆ ಅಷ್ಟೇ," ಎಂದಳು ವನಜಾಕ್ಷಿ.

"ಅದೇ ನಾನು ಹೇಳಿದ್ದು! ನೋಡು, ಇನ್ಮೇಲೆ ನೀನೇ ತಂಬೂರಿಗೆ. ಎಲ್ಲಿ ಸಭಾ ಆದ್ರೂ ನೀನೇ. ಡಬ್ಬಿನ ವಾಪಸ್ ಮಾಡ್ತೀನಿ. ಜಗಳೂರಿಗೆ ಸನ್ನೆ ಜಾಸ್ತಿ ಬೇಕು. ಗಲ್ಲ ಮುಟ್ಟಿದ್ರೆ ಕಣ್ಣೊರೆಸ್ಕಬೇಕು. ಬಳೆ ತಿರುಗಿಸಿದ್ರೆ, ಇನ್ನೊಂದು ಹಾಡ್ರಿ ಅಂತ ಕೂಗ್ಬೇಕು. ದೊಡ್ಡ ಸಭಾ, ಹಿಂದಿನೋರ್ಗೂ ಕಾಣ್ಬೇಕು, ಸ್ವಲ್ಪ ಕೈ ಮೇಲೆತ್ತಿ ಮಾಡು. ತಿಳೀತಾ?"

"ಹ್ಞೂಂ," ಎಂದಳು ವನಜಾಕ್ಷಿ.

"ಸಂಜಿಗೆ ಜಯಪ್ಪ ಬರ್ತಾನೆ, ಪ್ರಾಕ್ಟೀಸ್ ಮಾಡಾನ."

"ಹ್ಞೂಂ."

ಅವನು ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಹೊರಟ. ಹೊರಡುವಾಗ ಬಾಗಿಲಲ್ಲಿ ನಿಂತು ಗಲ್ಲ ಮುಟ್ಟಿ, ಕಣ್ಣೊರೆಸಿಕೊಂಡು, ತನಗೇ ತಲೆದೂಗಿದ.

ವನಜಾಕ್ಷಿ ಅವನು ಬೀದಿಯ ತಿರುವು ದಾಟುವವರೆಗೆ ನೋಡಿದಳು. ಜಗಳೂರಿನ ವೇದಿಕೆಯಲ್ಲಿ ತಾನು ಕೂರುತ್ತೇನೆ. ಒಂದು ಕೈ ದಂಡಿಯ ಮೇಲೆ, ಒಂದು ಕೈ ತಂತಿಯ ಮೇಲೆ. ಗಂಡ ಮುಂದಿನ ಸಾಲಿನಲ್ಲಿ ಏನೇ ಮುಟ್ಟಿ ತೋರಿಸಲಿ, ಇಷ್ಟೂ ಊರಿನ ಜನ ಬಾಯಿ ತೆರೆದು ಕಾಯಲಿ, ಆ ಎರಡೂ ಕೈ ಅಲ್ಲಿಂದ ಏಳುವುದಿಲ್ಲ. ಬಂದವರಿಗೆ ಏನಾದರೂ ಬಂದರೆ ಅನ್ನುತ್ತಾರೆ, ಬಾರದಿದ್ದರೆ ಸುಮ್ಮನಿರುತ್ತಾರೆ.

"ಏನು ಯೋಚ್ನೆ ಮಾಡ್ತಾ ನಿಂತ್ಯೇ?" ಎಂದರು ಸಾವಂತ್ರಮ್ಮ.

"ಏನಿಲ್ಲ ಅತ್ತೆ," ಎಂದು ಅವಳು ಒಳಗೆ ಹೋದಳು.